ಲೇಬಲ್ಲಿನ ಅಂಕಿಗೆ ಊರಿನ ಗಾಳಿಯ ಪರೀಕ್ಷೆ

ಚಾರಣದ ಜಾಕೆಟ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಅದಕ್ಕೆ ತೂಗುಹಾಕಿದ ಚೀಟಿಯ ಮೇಲೆ. ‘ವಾಟರ್‌ಪ್ರೂಫ್ 10,000 ಮಿ.ಮೀ., ಬ್ರೀದಬಲ್ 10,000 ಗ್ರಾಂ’ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಕ್ರೋನೋಗ್ರಾಫ್ ಗಡಿಯಾರದ ಬೆನ್ನಿನಲ್ಲಿ ‘5 ಎಟಿಎಂ’ ಎಂದೋ ‘50 ಮೀಟರ್’ ಎಂದೋ ಕೆತ್ತಿರುತ್ತದೆ. ಈ ಅಂಕಿಗಳು ಸುಳ್ಳಲ್ಲ. ಆದರೆ ಅವು ಹುಟ್ಟುವುದು ಪ್ರಯೋಗಾಲಯದಲ್ಲಿ. ಅಲ್ಲಿ ಉಷ್ಣಾಂಶವನ್ನೂ ತೇವಾಂಶವನ್ನೂ ಹತೋಟಿಯಲ್ಲಿ ಇಟ್ಟಿರುತ್ತಾರೆ, ಸಾಮಾನು ಹೊಸದಾಗಿರುತ್ತದೆ. ಅದೇ ಸಾಮಾನು ಪುತ್ತೂರು, ಸುಳ್ಯ, ಕಡಬದ ಗಾಳಿಗೆ ಬಂದಾಗ ಏನಾಗುತ್ತದೆ ಎಂಬುದು ಈ ಅಧ್ಯಾಯದ ವಿಷಯ.

ಈ ಮೂರು ತಾಲೂಕುಗಳು ಸಲಕರಣೆಗಳಿಗೆ ಕಠಿಣ ಪರೀಕ್ಷೆಯ ಜಾಗ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಡುವ ಕುಮಾರಪರ್ವತದ ದಾರಿ ದಟ್ಟ ಕಾಡಿನೊಳಗೆ ಭೀಮನ ಬಂಡೆಯನ್ನು ದಾಟಿ ಗಿರಿಗದ್ದೆಗೆ ಏರುತ್ತದೆ. ಅಲ್ಲಿಂದಾಚೆ ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ, ಕೊನೆಗೆ 1,712 ಮೀಟರ್ ಎತ್ತರದ ಶಿಖರ. ಹನ್ನೆರಡು-ಹದಿಮೂರು ಕಿಲೋಮೀಟರಿನ ಒಂದೇ ನಡಿಗೆಯಲ್ಲಿ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ಕೆಳಗೆ ಗಾಳಿಯಾಡದ ಒದ್ದೆ ಕಾಡು, ಮೇಲೆ ತಡೆಯಿಲ್ಲದ ಗಾಳಿ. ಒಂದೇ ಜಾಕೆಟ್ ಎರಡಕ್ಕೂ ಉತ್ತರ ಕೊಡಬೇಕು.

ಹೊರಗಿನ ನೀರನ್ನು ತಡೆಯುವುದು

ಇಂದಿನ ಮಳೆಯಂಗಿಯ ಚರಿತ್ರೆ ರಬ್ಬರಿನಿಂದ ಶುರುವಾಗುತ್ತದೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ರಬ್ಬರನ್ನು ನ್ಯಾಫ್ತಾದಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು 1823ರಲ್ಲಿ ಪೇಟೆಂಟ್ ಪಡೆದ. ಆ ಬಟ್ಟೆ ನೀರನ್ನು ತಡೆಯಿತು. ಆದರೆ ಬಿಸಿಲಿಗೆ ಅಂಟಾಗುತ್ತಿತ್ತು, ಚಳಿಗೆ ಬಿರುಸಾಗುತ್ತಿತ್ತು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಸೇರಿಸಿ ಕಾಯಿಸುವ ವಿಧಾನ ಕಂಡುಕೊಂಡ ಮೇಲೆ ಆ ತೊಂದರೆ ನೀಗಿತು. ಸುಳ್ಯ, ಪುತ್ತೂರಿನ ಗುಡ್ಡಗಳಲ್ಲಿ ಇಂದು ರಬ್ಬರ್ ಬೆಳೆಯುತ್ತದೆ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ದುಡಿದವು. ಮಳೆಗಾಲದಲ್ಲಿ ಹಾಲು ತೆಗೆಯುವ ಜಾಗ ಒದ್ದೆಯಾಗದಂತೆ ಮರದ ಸೊಂಟಕ್ಕೇ ಪ್ಲಾಸ್ಟಿಕ್ಕಿನ ಲಂಗ ಕಟ್ಟುತ್ತಾರೆ. ಜಗತ್ತಿಗೆ ರಬ್ಬರ್ ಮಳೆಯಂಗಿಯನ್ನು ಕೊಟ್ಟ ಮರಕ್ಕೆ ಇಲ್ಲಿ ಮಳೆಯಂಗಿ ತೊಡಿಸಲೇಬೇಕು!

ರಬ್ಬರ್ ಬಟ್ಟೆಯ ದೊಡ್ಡ ದೋಷವೆಂದರೆ ಅದು ಎರಡೂ ಕಡೆಯ ನೀರನ್ನು ತಡೆಯುತ್ತದೆ. ಮಳೆ ಒಳಗೆ ಬರುವುದಿಲ್ಲ, ಬೆವರು ಹೊರಗೆ ಹೋಗುವುದಿಲ್ಲ. ಇದಕ್ಕೆ ಪರಿಹಾರ ಸಿಕ್ಕಿದ್ದು 1969ರಲ್ಲಿ. ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಪಿಟಿಎಫ್‌ಇ ಎಂಬ ಪಾಲಿಮರ್ ಕೋಲನ್ನು ನಿಧಾನವಾಗಿ ಎಳೆದಾಗಲೆಲ್ಲ ಅದು ತುಂಡಾಗುತ್ತಿತ್ತು. ರಭಸದಿಂದ ಜಗ್ಗಿದಾಗ ತುಂಡಾಗದೆ ಹಲವು ಪಟ್ಟು ಉದ್ದಕ್ಕೆ ಹಿಗ್ಗಿತು. ಹಿಗ್ಗಿದ ಪದರದ ತುಂಬ ಅತಿ ಸೂಕ್ಷ್ಮ ರಂಧ್ರಗಳು, ಒಂದು ಚದರ ಸೆಂಟಿಮೀಟರಿಗೆ ನೂರು ಕೋಟಿಗೂ ಹೆಚ್ಚು. ಒಂದೊಂದೂ ನೀರಿನ ಹನಿಗಿಂತ ಸುಮಾರು 20,000 ಪಟ್ಟು ಚಿಕ್ಕದು, ನೀರಾವಿಯ ಅಣುವಿಗಿಂತ ನೂರಾರು ಪಟ್ಟು ದೊಡ್ಡದು. ಹನಿ ನುಗ್ಗಲಾರದು, ಆವಿ ದಾಟಬಲ್ಲದು. ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಿತವಾದದ್ದು ಈ ಪದರವೇ.

ಚೀಟಿಯ ಮೊದಲ ಅಂಕಿ ಇದಕ್ಕೆ ಸೇರಿದ್ದು. 10,000 ಮಿಲಿಮೀಟರ್ ಎಂದರೆ ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಂತರೂ ನೀರು ಒಳಕ್ಕೆ ಜಿನುಗದು ಎಂದರ್ಥ. ಬೀಳುವ ಮಳೆಹನಿಯ ಒತ್ತಡ ಇದಕ್ಕಿಂತ ಎಷ್ಟೋ ಕಡಿಮೆ. ಒತ್ತಡ ಹೆಚ್ಚುವುದು ಬೆನ್ನಚೀಲದ ಪಟ್ಟಿ ಹೆಗಲನ್ನು ಒತ್ತುವಲ್ಲಿ, ಒದ್ದೆ ಬಂಡೆಯ ಮೇಲೆ ಕೂರುವಲ್ಲಿ, ಬೈಕಿನ ವೇಗಕ್ಕೆ ಮಳೆ ಎದೆಗೆ ಬಡಿಯುವಲ್ಲಿ. ಸುಬ್ರಹ್ಮಣ್ಯದಿಂದ ಪುತ್ತೂರಿಗೆ ಜುಲೈಯಲ್ಲಿ ಬೈಕ್ ಓಡಿಸುವವರಿಗೆ ಈ ಅಂಕಿ ದೊಡ್ಡದಾದಷ್ಟೂ ಒಳ್ಳೆಯದು.

ಒಳಗಿನ ನೀರು ಹೋಗುವುದೆಲ್ಲಿಗೆ?

ಎರಡನೆಯ ಅಂಕಿಯಲ್ಲಿ ನಮ್ಮ ಊರಿನ ಗಾಳಿ ಅಡ್ಡ ಬರುತ್ತದೆ. 10,000 ಗ್ರಾಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ಮೂಲಕ ದಿನಕ್ಕೆ ಅಷ್ಟು ನೀರಾವಿ ಹೊರಹೋಗಬಲ್ಲದು ಎಂದು. ಒಂದು ಜಾಕೆಟ್ಟಿನ ಬಟ್ಟೆ ಸುಮಾರು ಒಂದು ಚದರ ಮೀಟರ್ ಎಂದುಕೊಳ್ಳಿ. ಗಂಟೆಗೆ ಸುಮಾರು 415 ಗ್ರಾಂ ಆಯಿತು. ಆದರೆ ಆವಿ ತಾನಾಗಿ ಹೊರಗೆ ನಡೆಯುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದರೆ ಮಾತ್ರ ಆ ವ್ಯತ್ಯಾಸವೇ ಅದನ್ನು ತಳ್ಳುತ್ತದೆ.

ಲೆಕ್ಕ ಹಾಕೋಣ. ಬೆವರಿದ ಮೈಯ ಸುತ್ತ, ಜಾಕೆಟ್ಟಿನ ಒಳಗೆ, 33 ಡಿಗ್ರಿ ಸೆಲ್ಸಿಯಸ್ಸಿನ ತೇವ ತುಂಬಿದ ಗಾಳಿಯಿದೆ. ಅದರ ಆವಿಯ ಒತ್ತಡ ಸುಮಾರು 5 ಕಿಲೋಪಾಸ್ಕಲ್. ಯುರೋಪಿನ ಗುಡ್ಡವೊಂದರಲ್ಲಿ 8 ಡಿಗ್ರಿ ಚಳಿ, 70 ಶೇಕಡ ತೇವಾಂಶ ಇದ್ದರೆ ಹೊರಗಿನ ಒತ್ತಡ ಮುಕ್ಕಾಲು ಕಿಲೋಪಾಸ್ಕಲ್ ಅಷ್ಟೆ. ವ್ಯತ್ಯಾಸ ನಾಲ್ಕಕ್ಕೂ ಮೇಲೆ. ಕುಕ್ಕೆಯ ಮೇಲಿನ ಕಾಡಿನಲ್ಲಿ 26 ಡಿಗ್ರಿ, 90 ಶೇಕಡ ತೇವಾಂಶವಿದ್ದರೆ ಹೊರಗಿನ ಒತ್ತಡವೇ 3 ಕಿಲೋಪಾಸ್ಕಲ್. ವ್ಯತ್ಯಾಸ ಎರಡಕ್ಕೆ ಇಳಿಯಿತು. ಅದೇ ಜಾಕೆಟ್, ಅದೇ ಪದರ. ತಳ್ಳುವ ಬಲ ಮಾತ್ರ ಅರ್ಧಕ್ಕಿಂತಲೂ ಕಡಿಮೆ.

ಇನ್ನು ಬೆವರಿನ ಕಡೆ ನೋಡಿ. ಬೆನ್ನಚೀಲ ಹೊತ್ತು ಕಡಿದಾದ ದಾರಿ ಏರುವ ಮೈ 500 ವ್ಯಾಟಿನಷ್ಟು ಶಾಖವನ್ನು ಹೊರಹಾಕಬೇಕಾಗುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಆ ಶಾಖವೆಲ್ಲ ಬೆವರಿನ ಮೂಲಕವೇ ಹೋಗಬೇಕೆಂದರೆ ಗಂಟೆಗೆ ಮುಕ್ಕಾಲು ಲೀಟರ್ ಆವಿಯಾಗಬೇಕು. ಜಾಕೆಟ್ ನಮ್ಮ ಕಾಡಿನಲ್ಲಿ ಹೊರಬಿಡುವುದು 200 ಗ್ರಾಂ ಆಸುಪಾಸು. ಉಳಿದ ಅರ್ಧ ಲೀಟರು ಒಳಗೇ ಉಳಿದು ಅಂಗಿಯನ್ನು ತೋಯಿಸುತ್ತದೆ. ಜಾಕೆಟ್ ಸೋರುತ್ತಿದೆ ಎಂದು ಅನೇಕರು ದೂರುವುದು ಇದನ್ನೇ. ಒಳಗಿರುವುದು ಮಳೆಯ ನೀರಲ್ಲ, ಅವರದೇ ಬೆವರು. ಇದು ಬರಿಯ ಕಿರಿಕಿರಿಯ ವಿಷಯವೂ ಅಲ್ಲ. ಶಾಖ ಹೊರಹೋಗದಿದ್ದರೆ ಮೈ ಕಾಯುತ್ತದೆ, ತಲೆ ಸುತ್ತುತ್ತದೆ, ಹೆಜ್ಜೆ ತಪ್ಪುತ್ತದೆ.

ಕೆಸುವಿನ ಎಲೆಯ ಪಾಠ

ಜಾಕೆಟ್ಟಿನ ಹೊರಪದರಕ್ಕೆ ಇನ್ನೊಂದು ಲೇಪ ಇರುತ್ತದೆ. ಹನಿ ಬಿದ್ದೊಡನೆ ಉರುಳಿಹೋಗಬೇಕು. ಬಟ್ಟೆಯೇ ನೀರು ಕುಡಿದರೆ ಒಳಗಿನ ಸೂಕ್ಷ್ಮ ರಂಧ್ರಗಳ ಬಾಯಿಗೆ ನೀರಿನ ಪರದೆ ಬಿದ್ದು ಆವಿಯ ದಾರಿ ಮುಚ್ಚುತ್ತದೆ. ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯುವವರೆಲ್ಲ ಈ ತತ್ವವನ್ನು ಕಣ್ಣಾರೆ ಕಂಡವರು. ಎಲೆಯ ಮೇಲೆ ನೀರು ಮುತ್ತಾಗಿ ಹೊರಳುತ್ತದೆ, ಎಲೆ ಒದ್ದೆಯಾಗುವುದಿಲ್ಲ. ಎಲೆಯ ಮೈ ತುಂಬ ಸೂಕ್ಷ್ಮ ಉಬ್ಬುಗಳು, ಅವುಗಳ ಮೇಲೆ ಇನ್ನೂ ಸೂಕ್ಷ್ಮವಾದ ಮೇಣದ ಹರಳುಗಳು. ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಹನಿ ಎಲೆಯನ್ನು ತಾಗುವುದೇ ಬಲು ಸ್ವಲ್ಪ. ಉರುಳುವ ಹನಿ ದೂಳನ್ನೂ ಒಯ್ಯುತ್ತದೆ. ಜರ್ಮನಿಯ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹೂಯಿಸ್ 1997ರಲ್ಲಿ ತಾವರೆ ಎಲೆಯನ್ನು ಮುಂದಿಟ್ಟು ಇದನ್ನು ವಿವರಿಸಿದರು.

ಬಟ್ಟೆಯ ಮೇಲೆ ಈ ಗುಣ ತರಲು ಉದ್ಯಮ ದಶಕಗಳ ಕಾಲ ಫ್ಲೋರಿನ್ ಇರುವ ಪಿಎಫ್‌ಎಎಸ್ ರಾಸಾಯನಿಕಗಳನ್ನು ಬಳಸಿತು. ಕಾರ್ಬನ್–ಫ್ಲೋರಿನ್ ಬಂಧ ಎಷ್ಟು ಗಟ್ಟಿಯೆಂದರೆ ಮಣ್ಣು, ನೀರು ಸೇರಿದ ಈ ರಾಸಾಯನಿಕಗಳು ಕೊಳೆಯುವುದೇ ಇಲ್ಲವೆನ್ನಬಹುದು. ಬಹುತೇಕ ಬಟ್ಟೆಗಳಲ್ಲಿ ಇವುಗಳ ಬಳಕೆಯನ್ನು ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ನಿಷೇಧಿಸಿದೆ. ದೊಡ್ಡ ತಯಾರಕರು ಫ್ಲೋರಿನ್ ಇಲ್ಲದ ಲೇಪ, ಪಾಲಿಎಥಿಲೀನ್ ಪದರಗಳ ಕಡೆ ಹೊರಳಿದ್ದಾರೆ. ಇದು ಒಳ್ಳೆಯ ಸುದ್ದಿ. ಕುಮಾರಧಾರೆ ಹೊಳೆಯ ನೀರನ್ನು ಕುಡಿಯುವ ನಾವು ಅದನ್ನು ಮನಸಾರೆ ಸ್ವಾಗತಿಸಬೇಕು. ಹೊಸ ಲೇಪಕ್ಕೆ ಎಣ್ಣೆ, ಜಿಡ್ಡನ್ನು ತಡೆಯುವ ಶಕ್ತಿ ಕಡಿಮೆ. ಆದ್ದರಿಂದ ಜಾಕೆಟ್ಟನ್ನು ಆಗಾಗ ಮೃದು ಸೋಪಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ ಒಣಗಿಸಬೇಕು. ‘ತೊಳೆದರೆ ಹಾಳಾಗುತ್ತದೆ’ ಎಂಬ ನಂಬಿಕೆಯೇ ಎಷ್ಟೋ ಜಾಕೆಟ್ಟುಗಳನ್ನು ಹಾಳು ಮಾಡಿದೆ.

ಗೊರಬೆಯ ವಿನ್ಯಾಸ

ಆವಿಯ ಒತ್ತಡದ ಲೆಕ್ಕ ಬರೆಯದೆಯೂ ತುಳುನಾಡಿನ ಜನ ಉತ್ತರ ಕಂಡುಕೊಂಡಿದ್ದರು. ನಾಟಿ ಮಾಡುವ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬೆ, ಗರಿ ಹೆಣೆದು ಮಾಡಿದ ಗಟ್ಟಿ ಚಿಪ್ಪು. ಬಗ್ಗಿ ದುಡಿಯುವಾಗ ತಲೆಯಿಂದ ಸೊಂಟದವರೆಗೆ ಮಳೆ ತಾಗದು. ಕೆಳಗೂ ಬದಿಗೂ ಪೂರ್ತಿ ತೆರೆದಿರುವುದರಿಂದ ಗಾಳಿ ಆಡುತ್ತಲೇ ಇರುತ್ತದೆ. ಬೆವರಿನ ಆವಿ ಬಟ್ಟೆಯನ್ನು ತೂರಿ ಹೋಗಬೇಕಿಲ್ಲ, ಗಾಳಿಯೇ ಒಯ್ಯುತ್ತದೆ. ಅಡಿಕೆ ಹಾಳೆಯ ಟೋಪಿ ಮುಟ್ಟಾಳೆಯೂ ಹಾಗೆಯೇ: ಹಗುರ, ನೀರು ಇಳಿಯದು, ಹಾಳಾದರೆ ಮಣ್ಣಿಗೆ ಗೊಬ್ಬರ. ಘಟ್ಟದ ಮೇಲಿನ ಕಂಬಳಿ ಕೊಪ್ಪೆಯ ಗುಟ್ಟು ಬೇರೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲು ತೇವವನ್ನು ನಾರಿನೊಳಗೆ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಕೊಂಚ ಶಾಖವನ್ನೂ ಬಿಡುತ್ತದೆ.

ಆಧುನಿಕ ಜಾಕೆಟ್ಟಿನಲ್ಲಿ ಗೊರಬೆಗೆ ಹತ್ತಿರವಾದ ಭಾಗವೆಂದರೆ ಕಂಕುಳ ಕೆಳಗಿನ ಜಿಪ್. ಅದನ್ನು ತೆರೆದಿಟ್ಟರೆ ಗಾಳಿಯ ಓಡಾಟದಿಂದ ಹೊರಹೋಗುವ ಆವಿ ಪದರದ ಮೂಲಕ ಹೋಗುವುದಕ್ಕಿಂತ ಎಷ್ಟೋ ಹೆಚ್ಚು. ನಮ್ಮ ಕಾಡಿಗೆ ಕೊಳ್ಳುವವರು 20,000 ಗ್ರಾಂ ಎಂಬ ಅಂಕಿಗೆ ಹೆಚ್ಚು ದುಡ್ಡು ತೆರುವ ಮೊದಲು ಈ ಜಿಪ್ ಇದೆಯೇ ನೋಡಬೇಕು. ಬೆನ್ನಚೀಲದ ಮೇಲೂ ಹೊದೆಯಬಹುದಾದ ಸಡಿಲ ಪಾಂಚೋ, ದಾರಿ ಅಗಲವಿದ್ದಲ್ಲಿ ಕೊಡೆ, ಇವೆರಡೂ ಗೊರಬೆಯ ವಂಶದವು. ಇಲ್ಲಿನ ಹವೆಗೆ ಅವು ದುಬಾರಿ ಜಾಕೆಟ್ಟಿಗಿಂತ ಚೆನ್ನಾಗಿ ಒಪ್ಪುತ್ತವೆ.

ಗಿರಿಗದ್ದೆ ದಾಟಿದ ಮೇಲೆ ಚಿತ್ರ ಬದಲಾಗುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಶಿಖರದಲ್ಲಿ ಕುಕ್ಕೆಗಿಂತ ಹತ್ತು ಡಿಗ್ರಿ ಕಡಿಮೆ. ಕಾಡಿನಲ್ಲಿ ಬೆವರಿ ತೊಯ್ದ ಅಂಗಿಗೆ ಹುಲ್ಲುಗಾವಲಿನ ಗಾಳಿ ಬಡಿದಾಗ ಮೈಯ ಶಾಖ ಬೇಗ ಹೋಗುತ್ತದೆ. ಇಲ್ಲಿ ಬೇಕಾದದ್ದು ಗಾಳಿ ತಡೆಯುವ ತೆಳು ಅಂಗಿ, ಜೊತೆಗೆ ಬದಲಾಯಿಸಲು ಒಂದು ಒಣ ಬನಿಯನ್. ಹಗುರ ಜಾಕೆಟ್ಟುಗಳ ದಾರವನ್ನು ಡೆನಿಯರ್‌ನಲ್ಲಿ ಅಳೆಯುತ್ತಾರೆ: 9,000 ಮೀಟರ್ ದಾರದ ತೂಕ ಎಷ್ಟು ಗ್ರಾಂ ಎಂಬುದೇ ಡೆನಿಯರ್. 20 ಡೆನಿಯರ್ ನೈಲಾನ್ ದಾರವನ್ನು ಕುಕ್ಕೆಯಿಂದ ಕುಮಾರಪರ್ವತದ ತುದಿಯವರೆಗೆ ಹಾಸಿದರೂ ಅದರ ತೂಕ 30 ಗ್ರಾಂ ದಾಟದು. ಅಂಥ ದಾರದಿಂದ ನೇಯ್ದ ಅಂಗಿ ನೂರು ಗ್ರಾಂ ತೂಗಿ ಮುಷ್ಟಿಯಲ್ಲಿ ಅಡಗುತ್ತದೆ. ಶೇಷಪರ್ವತದ ಗಾಳಿಗೆ ಅಷ್ಟು ಸಾಕು.

ಕೈಗಡಿಯಾರ ಅಳೆಯುವ ಗುಡುಗು

ಬಾಬ್ ಗೋರ್ ಪಾಲಿಮರ್ ಕೋಲನ್ನು ಜಗ್ಗಿದ 1969 ಗಡಿಯಾರ ಪ್ರಿಯರಿಗೂ ಮರೆಯಲಾಗದ ವರ್ಷ. ತಾನೇ ಕೀಲಿ ತಿರುಗಿಸಿಕೊಳ್ಳುವ ಕ್ರೋನೋಗ್ರಾಫ್‌ಗಳು ಆ ವರ್ಷ ಸ್ವಿಟ್ಜರ್ಲೆಂಡಿನಲ್ಲೂ ಜಪಾನಿನಲ್ಲೂ ಹೊರಬಂದವು. ಡಿಸೆಂಬರ್ 25ರಂದು ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಎಚ್‌ಎಂಟಿ ಅದಕ್ಕೂ ಮೊದಲು, 1961ರಲ್ಲಿ, ಜಪಾನಿನ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತ್ತು. ಒಳ್ಳೆಯ ಯಾಂತ್ರಿಕ ಗಡಿಯಾರ ಗಂಟೆಗೆ 28,800 ಬಾರಿ ಮಿಡಿದರೆ, ಇಂದು ಸಾಮಾನ್ಯವಾದ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ.

ಕ್ರೋನೋಗ್ರಾಫ್ ಎಂದರೆ ಬದಿಯ ಗುಂಡಿ ಒತ್ತಿದಾಗ ಓಡಿ, ಮತ್ತೆ ಒತ್ತಿದಾಗ ನಿಲ್ಲುವ ಮುಳ್ಳಿನ ಗಡಿಯಾರ. ಹಲವರಿಗೆ ಅದು ಅಂದದ ಸಾಮಾನು. ಈ ಮೂರು ತಾಲೂಕುಗಳಲ್ಲಿ ಅದು ಜೀವ ಉಳಿಸಬಲ್ಲ ಸಾಮಾನು. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಮಧ್ಯಾಹ್ನಗಳಲ್ಲಿ ಘಟ್ಟದ ಬುಡದಲ್ಲಿ ಗುಡುಗು ಮೋಡಗಳು ಕಟ್ಟುತ್ತವೆ. ಸಿಡಿಲಿನ ಬೆಳಕು ಕಣ್ಣಿಗೆ ತಕ್ಷಣ ತಲಪುತ್ತದೆ. ಸದ್ದು ಬರುವುದು ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ. ಮಿಂಚು ಕಂಡೊಡನೆ ಗುಂಡಿ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಕೆಲವು ಕ್ರೋನೋಗ್ರಾಫ್‌ಗಳ ಅಂಚಿನಲ್ಲಿರುವ ಟೆಲಿಮೀಟರ್ ಪಟ್ಟಿ ಈ ದೂರವನ್ನು ನೇರವಾಗಿ ತೋರಿಸುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಹುಲ್ಲುಗಾವಲಿನಲ್ಲಿ, ತೋಟದಲ್ಲಿ, ಹೊಳೆಯಲ್ಲಿ ಇರುವವರು ಕೂಡಲೇ ಮನೆಯೊಳಗೋ ವಾಹನದೊಳಗೋ ಸೇರಬೇಕು. ಕೊನೆಯ ಗುಡುಗಿನ ಮೇಲೆ ಮೂವತ್ತು ನಿಮಿಷ ಹೊರಬರಬಾರದು.

ಇದೇ ಗಡಿಯಾರ ಏರುವ ವೇಗವನ್ನೂ ಹೇಳುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರಪರ್ವತಕ್ಕೆ ಈ ಲೆಕ್ಕದಲ್ಲಿ ವಿಶ್ರಾಂತಿಯಿಲ್ಲದೆ ಐದು ಗಂಟೆಯ ಮೇಲಾಗುತ್ತದೆ. ಅದು ತಂಪು ದೇಶದ ಲೆಕ್ಕ. ನಮ್ಮ ಸೆಕೆಗೆ ಇನ್ನಷ್ಟು ಸೇರಿಸಿಕೊಳ್ಳಬೇಕು. ಡಿಸೆಂಬರಿನಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಎಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗಬೇಕು ಎಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಿ.

ಎತ್ತರ ತೋರಿಸುವ ಗಡಿಯಾರಗಳಲ್ಲಿ ವಾಯುಭಾರ ಅಳೆಯುವ ಪುಟ್ಟ ಸಂವೇದಕ ಇರುತ್ತದೆ. ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಗಡಿಯಾರ ಸುಮಾರು 9 ಮೀಟರ್ ಏರಿದಂತೆ ತೋರಿಸುತ್ತದೆ. ಉಷ್ಣವಲಯದಲ್ಲಿ ವಾಯುಭಾರಕ್ಕೆ ದಿನಕ್ಕೆ ಎರಡು ಬಾರಿ ಉಬ್ಬರ ಇಳಿತ ಇದೆ. ಬೆಳಗ್ಗೆ ಹತ್ತಕ್ಕೂ ರಾತ್ರಿ ಹತ್ತಕ್ಕೂ ಹೆಚ್ಚು, ಸಂಜೆ ನಾಲ್ಕಕ್ಕೂ ನಸುಕಿನ ನಾಲ್ಕಕ್ಕೂ ಕಡಿಮೆ. ಹಗಲಿನ ವ್ಯತ್ಯಾಸ ಸುಮಾರು ಮೂರು ಹೆಕ್ಟೋಪಾಸ್ಕಲ್. ಸುಳ್ಯದ ಮನೆಯ ಜಗಲಿಯಲ್ಲಿ ಕದಲದೆ ಕೂತವರ ಗಡಿಯಾರ ಬೆಳಗ್ಗೆಯಿಂದ ಸಂಜೆಗೆ 25 ಮೀಟರ್ ಏರಿರುತ್ತದೆ. ಗಡಿಯಾರ ಕೆಟ್ಟಿಲ್ಲ, ವಾತಾವರಣದ ಉಸಿರಾಟವನ್ನು ಅದು ದಾಖಲಿಸುತ್ತಿದೆ. ಎತ್ತರ ಗೊತ್ತಿರುವ ಜಾಗದಲ್ಲಿ ಅದನ್ನು ಆಗಾಗ ಸರಿಪಡಿಸಿಕೊಂಡರೆ ಸಾಕು. ಸಮಯವಲ್ಲದ ಸಮಯದಲ್ಲಿ ವಾಯುಭಾರ ಹಠಾತ್ತನೆ ಕುಸಿದರೆ ಮಾತ್ರ ಮಳೆಗಾಳಿಯ ಮುನ್ಸೂಚನೆ ಎಂದು ತಿಳಿಯಿರಿ.

ತೇವದ ಕೈಕೆಲಸ

‘30 ಮೀಟರ್’ ಎಂದು ಕೆತ್ತಿದ ಗಡಿಯಾರ ಮೂವತ್ತು ಮೀಟರ್ ಆಳಕ್ಕೆ ಹೋಗಲು ತಕ್ಕದ್ದಲ್ಲ. ಹೊಸ ಗ್ಯಾಸ್ಕೆಟ್ ಇದ್ದಾಗ, ನಿಶ್ಚಲ ನೀರಿನಲ್ಲಿ, ಅಷ್ಟು ಒತ್ತಡ ತಡೆದಿದೆ ಎಂದಷ್ಟೇ ಅರ್ಥ. ಕುಮಾರಧಾರೆಯಲ್ಲಿ ಮುಳುಗು ಹಾಕುವವರು ಅದನ್ನು ಬಿಚ್ಚಿಡುವುದೇ ಸರಿ. ಕ್ರೋನೋಗ್ರಾಫಿಗೆ ಬದಿಯಲ್ಲಿ ಎರಡು ಗುಂಡಿ ಹೆಚ್ಚು, ನೀರು ನುಗ್ಗಲು ಎರಡು ದಾರಿ ಹೆಚ್ಚು. ಒದ್ದೆಯಾಗಿರುವಾಗ ಅವನ್ನು ಒತ್ತಬಾರದು.

ನೀರೇ ತಾಗದ ಗಡಿಯಾರದ ಗಾಜಿನೊಳಗೂ ಕೆಲವೊಮ್ಮೆ ಮಂಜು ಕೂರುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಬ್ಯಾಟರಿ ಬದಲಿಸಲು ಮುಚ್ಚಳ ತೆಗೆದಾಗ ಊರಿನ ತೇವದ ಗಾಳಿ ಒಳಸೇರುತ್ತದೆ. 30 ಡಿಗ್ರಿ, 90 ಶೇಕಡ ತೇವಾಂಶದ ಗಾಳಿಯ ಘನಮೀಟರಿನಲ್ಲಿ 27 ಗ್ರಾಂ ನೀರಾವಿ ಇರುತ್ತದೆ. 15 ಡಿಗ್ರಿಯ ಬೆಟ್ಟದ ಮುಂಜಾವಿನಲ್ಲಿ ಅದೇ ಗಾಳಿ 13 ಗ್ರಾಂ ಮಾತ್ರ ಹಿಡಿದಿಡಬಲ್ಲದು. ಉಳಿದದ್ದು ಗಾಜಿಗೆ ಅಂಟಬೇಕು. ಆದ್ದರಿಂದ ಬ್ಯಾಟರಿಯನ್ನು ಚಳಿಗಾಲದ ಒಣ ದಿನಗಳಲ್ಲಿ ಬದಲಿಸಿಕೊಳ್ಳುವುದು ಜಾಣತನ.

ಬೆಳ್ಳಿ–ಚಿನ್ನ ಎರಡು ಬಣ್ಣದ ಗಡಿಯಾರಗಳಿಗೆ ಬೆವರೇ ಶತ್ರು. ಹಿತ್ತಾಳೆಯ ಮೇಲೆ ತೆಳುವಾಗಿ ಚಿನ್ನದ ನೀರು ಕೊಟ್ಟದ್ದಾದರೆ, ಲೇಪದ ಸೂಕ್ಷ್ಮ ತೂತಿನಲ್ಲಿ ಬೆವರಿನ ಉಪ್ಪು ಇಳಿದು ಎರಡು ಲೋಹಗಳ ನಡುವೆ ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು ಹಿತ್ತಾಳೆ ಸವೆಯುತ್ತದೆ. ಉಕ್ಕಿನ ಮೇಲೆ ಟೈಟಾನಿಯಂ ನೈಟ್ರೈಡ್ ಲೇಪಿಸಿದ್ದು ಹೆಚ್ಚು ಬಾಳುತ್ತದೆ. ಈ ಗಟ್ಟಿ ಸಂಯುಕ್ತದ ಸಹಜ ಬಣ್ಣವೇ ಹೊಂಬಣ್ಣ. ಯಾವುದೇ ಆದರೂ ದಿನದ ಕೊನೆಗೆ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರಸಿ ಒಣಗಿಸಬೇಕು.

ಬಳಸದೆ ಇಟ್ಟ ಸಾಮಾನೂ ಇಲ್ಲಿ ಸುರಕ್ಷಿತವಲ್ಲ. ಹಲವು ಚಾರಣದ ಶೂಗಳ ಅಟ್ಟೆಯಲ್ಲೂ ಅಗ್ಗದ ಜಾಕೆಟ್ಟುಗಳ ಒಳಲೇಪದಲ್ಲೂ ಇರುವುದು ಪಾಲಿಯುರೆಥೇನ್. ಅದರ ಎಸ್ಟರ್ ಬಂಧಗಳನ್ನು ಬಿಸಿ ತೇವದ ಗಾಳಿಯ ನೀರಿನ ಅಣುಗಳು ಒಂದೊಂದಾಗಿ ಕಡಿಯುತ್ತವೆ. ಕೆಲವೇ ವರ್ಷಗಳಲ್ಲಿ ಲೇಪ ಅಂಟಂಟಾಗಿ ಸುಲಿಯುತ್ತದೆ. ಪೆಟ್ಟಿಗೆಯಲ್ಲೇ ಇದ್ದ ಶೂ ಮೊದಲ ನಡಿಗೆಯಲ್ಲೇ ಪುಡಿಯಾಗುತ್ತದೆ. ಕ್ಯಾಮೆರಾ, ದುರ್ಬೀನುಗಳ ಮಸೂರಕ್ಕೆ ಬೂಷ್ಟು ಹಿಡಿಯುವುದಕ್ಕೂ ಕಾರಣ ಅದೇ ತೇವ. ಹಿಂದಿನವರು ಬೀಜವನ್ನೂ ಕಾಳುಮೆಣಸನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. 26 ಡಿಗ್ರಿಯಲ್ಲಿ 95 ಶೇಕಡ ತೇವಾಂಶವಿರುವ ಗಾಳಿ 34 ಡಿಗ್ರಿಗೆ ಕಾದರೆ ತೇವಾಂಶ 60 ಶೇಕಡಕ್ಕೆ ಇಳಿಯುತ್ತದೆ. ಬೂಷ್ಟು ಬೆಳೆಯಲು ಅದು ಸಾಲದು. ಜಾಕೆಟ್ಟಿಗೂ ಮಸೂರಕ್ಕೂ ಹೊಗೆ, ಬಿಸಿ ಸಲ್ಲದು. ಆದರೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ 40ರಿಂದ 50 ಶೇಕಡ ತೇವಾಂಶ ಕಾಯ್ದುಕೊಂಡರೆ ಮಸೂರ ಉಳಿಯುತ್ತದೆ. ಜಾಕೆಟ್ಟನ್ನು ಮಡಚದೆ ಗಾಳಿಯಾಡುವಲ್ಲಿ ತೂಗುಹಾಕಿ. ಶೂಗಳನ್ನು ಆಗಾಗ ತೊಟ್ಟು ನಡೆಯಿರಿ. ಬೆಟ್ಟಕ್ಕೆ ಹೊರಡುವ ವಾರ ಮೊದಲು ಅಟ್ಟೆಯನ್ನು ಬಗ್ಗಿಸಿ ನೋಡಿ.

ಒಳ್ಳೆಯ ಸಲಕರಣೆಯನ್ನು ಇಷ್ಟಪಡುವುದು ಒಳ್ಳೆಯ ಹವ್ಯಾಸ. ಅದರ ಹಿಂದೆ ಎರಡು ಶತಮಾನಗಳ ರಸಾಯನ, ಲೋಹ ಮತ್ತು ಯಂತ್ರ ವಿಜ್ಞಾನ ಇದೆ. ಆ ವಿಜ್ಞಾನಕ್ಕೆ ತಕ್ಕ ಗೌರವವೆಂದರೆ ಚೀಟಿಯ ಅಂಕಿಯನ್ನು ನಮ್ಮ ಊರಿನ ಉಷ್ಣಾಂಶ, ತೇವಾಂಶದ ಜೊತೆ ಇಟ್ಟು ಓದುವುದು. ಇನ್ನೂರು–ಮುನ್ನೂರು ರೂಪಾಯಿಯ ತೇವಮಾಪಕವೊಂದನ್ನು ಮೊದಲು ಕೊಳ್ಳಿ. ಒಂದು ವರ್ಷ ನಿಮ್ಮ ಮನೆಯ ಜಗಲಿಯ, ಕಪಾಟಿನ ತೇವಾಂಶವನ್ನು ಬರೆದಿಡಿ. ಆಮೇಲೆ ಜಾಕೆಟ್ಟನ್ನೋ ಗಡಿಯಾರವನ್ನೋ ಆರಿಸಿ. ಆ ಆಯ್ಕೆ ಸರಿಯಾಗಿರುತ್ತದೆ, ಸಾಮಾನೂ ಬಹುಕಾಲ ಬಾಳುತ್ತದೆ.